ರಾಜಿಯ ರಚನೆ: ಸಂವಿಧಾನ ರಚನಾ ಸಭೆಯ ಭಾಷಾ ಚರ್ಚೆಯಲ್ಲಿ ಮಧ್ಯಮ ಮಾರ್ಗ

ಕನ್ನಡದ ಸಾರ್ವಜನಿಕ ಬರವಣಿಗೆಯಲ್ಲಿ 'ರಾಜಿ' ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ಒಬ್ಬ ವ್ಯಕ್ತಿಯನ್ನು ಹೊಗಳಬೇಕಾದಾಗ 'ರಾಜಿಯಿಲ್ಲದ ಹೋರಾಟಗಾರ' ಎನ್ನುವುದು ರೂಢಿ. 'ರಾಜಿ ಮಾಡಿಕೊಂಡ' ಎಂದರೆ ತತ್ತ್ವವನ್ನು ಬಿಟ್ಟುಕೊಟ್ಟ ಎಂಬ ಧ್ವನಿ. ಇದೇ ಪದ ಊರಿನ ಪಂಚಾಯಿತಿ ಕಟ್ಟೆಯಲ್ಲಿ, ಹೊಲದ ಬದುವಿನ ಜಗಳದಲ್ಲಿ, ನ್ಯಾಯಾಲಯದ ಆವರಣದಲ್ಲಿ ಬೇರೊಂದು ಬೆಲೆಯನ್ನು ಪಡೆಯುತ್ತದೆ. ಅಲ್ಲಿ 'ರಾಜಿಯಾಯಿತು' ಎಂದರೆ ನೆಮ್ಮದಿಯ ಸುದ್ದಿ. ಅರಬ್ಬೀ ಮೂಲದ್ದಾಗಿ ಪಾರಸಿಯ ಆಡಳಿತ ಭಾಷೆಯ ಮೂಲಕ ಬಂದ ಈ ಪದದ ಮೊದಲ ಅರ್ಥ 'ಒಪ್ಪಿದ, ಸಮ್ಮತಿಯುಳ್ಳ' ಎಂಬುದು. ಸೋಲಿನ ಛಾಯೆ ಅದಕ್ಕೆ ಮೂಲದಲ್ಲಿರಲಿಲ್ಲ. ಅದು ಆಧುನಿಕ ರಾಜಕಾರಣದ ಭಾಷೆ ಅದಕ್ಕೆ ಅಂಟಿಸಿದ ಛಾಯೆ.

ಭಾರತೀಯ ತರ್ಕಶಾಸ್ತ್ರವು ಮಾತಿನ ಕಾಳಗವನ್ನು ಮೂರಾಗಿ ವಿಂಗಡಿಸುತ್ತದೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಎದುರಾಳಿಯ ಪಕ್ಷವನ್ನು ಕೆಡಹುವುದಷ್ಟೇ ಗುರಿಯಾಗಿರುವುದು ವಿತಂಡ. ನ್ಯಾಯಸೂತ್ರದ ಈ ವಿಂಗಡಣೆಯಲ್ಲಿ ಪ್ರಜಾಪ್ರಭುತ್ವದ ಬಹುಪಾಲು ಚರ್ಚೆಗಳಿಗೆ ಸರಿಯಾದ ಜಾಗ ದೊರೆಯುವುದಿಲ್ಲ. ಶಾಸನಸಭೆಯಲ್ಲಿ ಸೇರಿದವರು ಸತ್ಯವನ್ನು ಕಂಡುಕೊಂಡು ಎದ್ದು ಹೋಗುವವರಲ್ಲ. ಗೆದ್ದವನು ಸೋತವನನ್ನು ಊರು ಬಿಡಿಸುವ ಹಾಗೂ ಇಲ್ಲ. ಚರ್ಚೆ ಮುಗಿದ ಮೇಲೂ ಇಬ್ಬರೂ ಅದೇ ದೇಶದಲ್ಲಿ ಬಾಳಬೇಕು. ಹೀಗೆ ಬಾಳುವುದಕ್ಕೆ ಬೇಕಾದ ಮಾತಿನ ಕ್ರಮ ಯಾವುದು ಎಂಬ ಪ್ರಶ್ನೆಗೆ 1946ರಿಂದ 1949ರವರೆಗೆ ಸಂವಿಧಾನ ರಚನಾ ಸಭೆಯಲ್ಲಿ ನಡೆದ ಭಾಷಾ ಚರ್ಚೆ ಒಂದು ಉತ್ತರವನ್ನು ಒದಗಿಸುತ್ತದೆ. ಈ ಚರ್ಚೆಯ ಫಲಿತಾಂಶವಾದ 'ಮುನ್ಷಿ–ಅಯ್ಯಂಗಾರ್ ಸೂತ್ರ'ವನ್ನು ಹಿಂದಿಯ ಪರವಾದವರೂ ಇಂಗ್ಲಿಷಿನ ಪರವಾದವರೂ ಅರೆಮನಸ್ಸಿನ ಒಪ್ಪಂದವೆಂದು ಟೀಕಿಸಿದ್ದಾರೆ. ಟೀಕೆಯಲ್ಲಿ ಸತ್ಯವಿದೆ. ಆದರೆ ಮನಸ್ಸುಗಳು ಒಂದಾಗದಿರುವಾಗಲೂ ಒಪ್ಪಂದವೊಂದನ್ನು ಹೇಗೆ ಕಟ್ಟಲಾಯಿತು ಎಂಬುದೇ ಇಲ್ಲಿ ಪರಿಶೀಲನೆಗೆ ತಕ್ಕ ಸಂಗತಿ.

ಕುಸಿದ ನಡುನೆಲೆ

ಸಂವಿಧಾನ ರಚನಾ ಸಭೆ ಮೊದಲ ಬಾರಿಗೆ ಸೇರಿದ್ದು 1946ರ ಡಿಸೆಂಬರ್ 9ರಂದು. ಮರುದಿನವೇ ಭಾಷೆಯ ಪ್ರಶ್ನೆ ತಲೆಯೆತ್ತಿತು. ಸಂಯುಕ್ತ ಪ್ರಾಂತದ ಸದಸ್ಯರಾದ ಆರ್. ವಿ. ಧುಲೇಕರ್ ಅವರು ಕಾರ್ಯವಿಧಾನ ಸಮಿತಿಗೆ ಸಂಬಂಧಿಸಿದ ತಿದ್ದುಪಡಿಯೊಂದನ್ನು ಮಂಡಿಸುತ್ತ ಹಿಂದೂಸ್ಥಾನಿಯಲ್ಲಿ ಮಾತನಾಡತೊಡಗಿದರು. ಆ ಭಾಷೆಯನ್ನು ಅರಿಯದ ಅನೇಕ ಸದಸ್ಯರು ಸಭೆಯಲ್ಲಿದ್ದಾರೆಂದು ತಾತ್ಕಾಲಿಕ ಅಧ್ಯಕ್ಷರಾಗಿದ್ದ ಸಚ್ಚಿದಾನಂದ ಸಿನ್ಹಾ ಅವರು ನೆನಪಿಸಿದಾಗ, ಹಿಂದೂಸ್ಥಾನಿ ತಿಳಿಯದವರಿಗೆ ಭಾರತದಲ್ಲಿರುವ ಹಕ್ಕೇ ಇಲ್ಲವೆಂಬ ಅರ್ಥದ ಮಾತು ಧುಲೇಕರ್ ಅವರ ಬಾಯಿಂದ ಬಂದಿತು. ಸಭೆ ಗದ್ದಲಕ್ಕೀಡಾಯಿತು. ಕೊನೆಗೆ ಜವಾಹರಲಾಲ್ ನೆಹರೂ ಅವರ ಒತ್ತಾಯಕ್ಕೆ ಮಣಿದು ಧುಲೇಕರ್ ತಮ್ಮ ಸ್ಥಾನಕ್ಕೆ ಮರಳಿದರು. ಇದು ಝಾನ್ಸಿಯ ಬಹಿರಂಗ ಸಭೆಯಲ್ಲ ಎಂದು ನೆಹರೂ ಅವರು ಅನಂತರ ಅವರಿಗೆ ತಿಳಿಹೇಳಿದ್ದುಂಟು. ಈ ಪುಟ್ಟ ಆಕ್ಷೇಪಣೆಯ ಹಿಂದೆ ಒಂದು ಮುಖ್ಯವಾದ ತಿಳಿವಳಿಕೆ ಅಡಗಿದೆ. ಎದುರಿಗೆ ಕುಳಿತವನನ್ನು ಒಪ್ಪಿಸಲು ಆಡುವ ಮಾತು ಬೇರೆ, ಅವನ ತಲೆಯ ಮೇಲಿಂದ ಹಾಯಿಸಿ ತನ್ನ ಊರಿನವರ ಚಪ್ಪಾಳೆಗೆಂದು ಆಡುವ ಮಾತು ಬೇರೆ. ಎರಡನೆಯದು ಹೆಚ್ಚಾದಂತೆ ಸಭೆಯು ಸಭೆಯಾಗಿ ಉಳಿಯುವುದಿಲ್ಲ.

ಧುಲೇಕರ್ ಅವರು ಪಟ್ಟುಹಿಡಿದು ಪ್ರತಿಪಾದಿಸಿದ 'ಹಿಂದೂಸ್ಥಾನಿ' ಎಂಬ ಹೆಸರೇ ಅದುವರೆಗೆ ಒಂದು ಮಧ್ಯಮ ನಿಲುವಿನ ಹೆಸರಾಗಿತ್ತು ಎಂಬುದು ಇಲ್ಲಿಯ ವಿಪರ್ಯಾಸ. ಸಂಸ್ಕೃತದತ್ತ ವಾಲಿದ ಹಿಂದಿ ಒಂದು ಕಡೆ, ಪಾರಸಿ–ಅರಬ್ಬಿಗಳತ್ತ ವಾಲಿದ ಉರ್ದು ಇನ್ನೊಂದು ಕಡೆ. ಇವೆರಡರ ನಡುವೆ ಉತ್ತರ ಭಾರತದ ಜನಸಾಮಾನ್ಯರು ಆಡುವ ಮಾತನ್ನು ನಾಗರಿ ಮತ್ತು ಉರ್ದು ಎಂಬ ಎರಡು ಲಿಪಿಗಳಲ್ಲಿಯೂ ಬರೆಯಬಹುದೆಂಬುದು ಗಾಂಧೀಜಿಯವರ ನಿಲುವು. ಈ ನಿಲುವಿಗಾಗಿಯೇ ಅವರು 1945ರಲ್ಲಿ ಹಿಂದೀ ಸಾಹಿತ್ಯ ಸಮ್ಮೇಲನದಿಂದ ಹೊರಬಂದರು. ದಕ್ಷಿಣಕ್ಕೆ ಬಂದರೆ ಇದೇ ಭಾಷೆಯ ಚಿತ್ರ ಬೇರೆಯಾಗಿತ್ತು. 1918ರಿಂದ ಮದರಾಸನ್ನು ಕೇಂದ್ರವಾಗಿಟ್ಟುಕೊಂಡು ನಡೆದ ಹಿಂದೀ ಪ್ರಚಾರವು ಸ್ವಯಂಪ್ರೇರಣೆಯ ಕೆಲಸವಾಗಿದ್ದಷ್ಟು ಕಾಲ ಅದಕ್ಕೆ ಗೌರವವಿತ್ತು. 1938ರಲ್ಲಿ ರಾಜಾಜಿಯವರ ಸರ್ಕಾರ ಮದರಾಸು ಪ್ರಾಂತದ ಶಾಲೆಗಳಲ್ಲಿ ಅದನ್ನು ಕಡ್ಡಾಯಗೊಳಿಸಿದೊಡನೆ ಚಳವಳಿ ಆರಂಭವಾಯಿತು. ಸೆರೆಮನೆಯಲ್ಲಿದ್ದ ಇಬ್ಬರು ಯುವಕರು 1939ರಲ್ಲಿ ತೀರಿಕೊಂಡರು. 1940ರಲ್ಲಿ ಆಜ್ಞೆಯನ್ನು ಹಿಂತೆಗೆದುಕೊಳ್ಳಲಾಯಿತು. ಭಾಷೆ ಬದಲಾಗಿರಲಿಲ್ಲ, ಪಠ್ಯವೂ ಹೆಚ್ಚು ಬದಲಾಗಿರಲಿಲ್ಲ. ಬದಲಾದದ್ದು 'ಕಲಿಯಬಹುದು' ಎಂಬುದು 'ಕಲಿಯಲೇಬೇಕು' ಎಂದಾದದ್ದು ಮಾತ್ರ.

1947ರ ಜೂನ್ 3ರಂದು ದೇಶವಿಭಜನೆಯ ಯೋಜನೆ ಪ್ರಕಟವಾಯಿತು. ಮುಂದಿನ ತಿಂಗಳಿನಲ್ಲಿ ಸಭೆಯ ಕಾಂಗ್ರೆಸ್ ಪಕ್ಷದೊಳಗೆ ನಡೆದ ಮತದಾನದಲ್ಲಿ 'ಹಿಂದೂಸ್ಥಾನಿ'ಯ ಬದಲು 'ಹಿಂದಿ' ಎಂಬ ಪದಕ್ಕೆ 63 ಮತಗಳೂ ವಿರುದ್ಧವಾಗಿ 32 ಮತಗಳೂ ಬಂದವು. ಒಂದು ವರ್ಷದ ಹಿಂದೆ ನಡುವೆಯೆನಿಸಿದ್ದ ನಿಲುವು ಒಂದೇ ಬೇಸಗೆಯಲ್ಲಿ ಅಂಚಿಗೆ ಸರಿಯಿತು. ಗಾಂಧೀಜಿಯವರ ವಾದದಲ್ಲಿ ಯಾವ ದೋಷವೂ ಹೊಸದಾಗಿ ಕಂಡುಬಂದಿರಲಿಲ್ಲ. ಯಾವ ಎರಡು ಸಮುದಾಯಗಳ ನಡುವೆ ಆ ಭಾಷೆ ಸೇತುವೆಯಾಗಬೇಕಿತ್ತೋ ಅವುಗಳ ನಡುವೆ ಗಡಿ ಎದ್ದಿತ್ತು. ಮಧ್ಯಮ ನಿಲುವೆಂಬುದು ನಕ್ಷೆಯಲ್ಲಿ ಗುರುತಿಸಿಟ್ಟ ಸ್ಥಿರ ಬಿಂದುವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ. ತುದಿಗಳು ಸರಿದಂತೆ ನಡುವೂ ಸರಿಯುತ್ತದೆ. ಹಳೆಯ ನಡುವನ್ನೇ ನೆಚ್ಚಿ ನಿಂತವರು ತಾವು ನಿಂತ ನೆಲ ಕದಲಿದುದನ್ನು ತಡವಾಗಿ ಅರಿಯುತ್ತಾರೆ. 1949ರಲ್ಲಿ ರಾಜಿಯನ್ನು ಕಟ್ಟಿದವರು ಇದನ್ನು ಬೇಗ ಅರಿತರು. ಹೊಸ ವಿವಾದ ಹಿಂದಿ ಮತ್ತು ಉರ್ದುಗಳ ನಡುವಿನದಾಗಿರಲಿಲ್ಲ, ಹಿಂದಿ ಮತ್ತು ಇಂಗ್ಲಿಷುಗಳ ನಡುವಿನದಾಗಿತ್ತು. ಅದರ ಹಿಂದೆ ಉತ್ತರ ಮತ್ತು ದಕ್ಷಿಣಗಳ ನಡುವಿನ ಅಪನಂಬಿಕೆಯಿತ್ತು.

ಸಭೆಯ ಒಳಗೆ, ಸಭೆಯ ಹೊರಗೆ

1948ರ ನವೆಂಬರ್ 5ರಂದು ಮದರಾಸಿನ ಟಿ. ಟಿ. ಕೃಷ್ಣಮಾಚಾರಿ ಅವರು ಭಾಷೆಯ ಸಾಮ್ರಾಜ್ಯಶಾಹಿಯ ಕುರಿತು ಎಚ್ಚರಿಕೆಯ ಮಾತನ್ನಾಡಿದರು. ದಕ್ಷಿಣದಲ್ಲಿ ಪ್ರತ್ಯೇಕತೆಯನ್ನು ಬಯಸುವ ಶಕ್ತಿಗಳು ಈಗಾಗಲೇ ಇವೆ. ಅವುಗಳಿಗೆ ಬಲ ತುಂಬುವ ಕೆಲಸವನ್ನು ಸಂಯುಕ್ತ ಪ್ರಾಂತದ ಮಿತ್ರರು ಮಾಡಬಾರದು. ಇಡಿಯ ಭಾರತ ಬೇಕೋ ಹಿಂದಿಯ ಭಾರತ ಬೇಕೋ ಎಂಬುದನ್ನು ಅವರೇ ಆರಿಸಿಕೊಳ್ಳಬೇಕು ಎಂಬುದು ಅವರ ಮಾತಿನ ತಿರುಳು. ಇದು ಕಠಿಣವಾದ ಮಾತು. ಆದರೆ ಧುಲೇಕರ್ ಅವರ ಮಾತಿನೊಡನೆ ಇದನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಒಬ್ಬರು ಎದುರಾಳಿಯ ಪೌರತ್ವವನ್ನೇ ಪ್ರಶ್ನಿಸಿದರು. ಇನ್ನೊಬ್ಬರು ಎದುರಾಳಿಯ ವಿವೇಕಕ್ಕೆ ಮನವಿ ಸಲ್ಲಿಸಿದರು. ಮಧ್ಯಮ ಮಾರ್ಗವೆಂದರೆ ಮೆಲುದನಿಯ ಮಾತು ಎಂಬ ತಪ್ಪುಗ್ರಹಿಕೆ ಸಾಮಾನ್ಯವಾಗಿದೆ. ದನಿಯ ಏರಿಳಿತಕ್ಕಿಂತಲೂ, ಎದುರಾಳಿಗೆ ಉತ್ತರಿಸಲು ಜಾಗ ಬಿಡಲಾಗಿದೆಯೇ ಎಂಬುದು ಇಲ್ಲಿ ಮುಖ್ಯ.

ಎರಡು ಪಕ್ಷಗಳೂ ಹೊರಗಿನಿಂದ ಕಾಣುವಷ್ಟು ಗಟ್ಟಿಯಾಗಿರಲಿಲ್ಲ. ಜಿ. ದುರ್ಗಾಬಾಯಿ ಅವರು ಆಂಧ್ರದಲ್ಲಿ ಎಳೆಯ ವಯಸ್ಸಿನಲ್ಲೇ ಹಿಂದೀ ಪಾಠಶಾಲೆ ನಡೆಸಿದ್ದವರು. ದಕ್ಷಿಣದ ಜನ ಇಷ್ಟಪಟ್ಟು ಕಲಿತ ಭಾಷೆಯ ಬಗೆಗೆ ಈಗ ಅಂಜಿಕೆ ಹುಟ್ಟಿರುವುದಕ್ಕೆ ಹಿಂದಿಯ ಉತ್ಸಾಹಿಗಳ ವರ್ತನೆಯೇ ಕಾರಣವೆಂದು ಅವರು ಸಭೆಯಲ್ಲಿ ಹೇಳಿದರು. ಹಿಂದಿಯನ್ನು ಕಲಿಸಿದವರೇ ಹಿಂದಿಯ ಹೇರಿಕೆಯನ್ನು ವಿರೋಧಿಸಿದ್ದು ಎರಡು ಶಿಬಿರಗಳ ಲೆಕ್ಕಕ್ಕೆ ಸಿಗದ ಸಂಗತಿ. ಬಂಗಾಳದ ಲಕ್ಷ್ಮೀಕಾಂತ ಮೈತ್ರ ಅವರು ಸಂಸ್ಕೃತವೇ ಅಧಿಕೃತ ಭಾಷೆಯಾಗಲಿ ಎಂದರು. ನಜೀರುದ್ದೀನ್ ಅಹಮದ್ ಅವರು ಅದನ್ನು ಬೆಂಬಲಿಸಿದರು. ಯಾರ ಮನೆಮಾತೂ ಅಲ್ಲದ ಭಾಷೆ ಯಾರಿಗೂ ಅನ್ಯಾಯ ಮಾಡದು ಎಂಬ ಈ ತರ್ಕ ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ಇಂಗ್ಲಿಷಿನ ಪರವಾದ ತರ್ಕವೂ ಮೂಲತಃ ಅದೇ ಆಗಿತ್ತೆಂಬುದನ್ನು ಮರೆಯಲಾಗದು.

ನಿಜವಾದ ಚೌಕಾಸಿ ನಡೆದದ್ದು ತೆರೆದ ಸಭೆಯಲ್ಲಲ್ಲ. 1949ರ ಆಗಸ್ಟ್ ತಿಂಗಳ ಬಹುಭಾಗ ಕಾಂಗ್ರೆಸ್ ಪಕ್ಷದ ಒಳಸಭೆಗಳಲ್ಲಿ ಕಳೆಯಿತು. ಒಂದೇ ಮತದ ಅಂತರದಿಂದ ಹಿಂದಿ ಗೆದ್ದಿತೆಂಬ ಪ್ರಸಿದ್ಧವಾದ ಕಥೆಯ ಮೂಲ ಇಲ್ಲಿಯದು. ಪಕ್ಷದ ಸಭೆಯಲ್ಲಿ ಮೊದಲು 78ಕ್ಕೆ 78 ಮತಗಳು ಬಿದ್ದು, ಅನಂತರ ಒಂದು ಮತದ ಅಂತರದಲ್ಲಿ ನಿರ್ಧಾರವಾಯಿತೆಂದು ಡಾ. ಅಂಬೇಡ್ಕರ್ ಅವರು 1955ರಲ್ಲಿ ಭಾಷಾವಾರು ರಾಜ್ಯಗಳನ್ನು ಕುರಿತ ತಮ್ಮ ಕೃತಿಯಲ್ಲಿ ಬರೆದರು. ಸಂವಿಧಾನ ರಚನಾ ಸಭೆಯಲ್ಲಿ ಮಾತ್ರ ಅಂಥ ಒಂದು ಮತದ ಗೆಲುವು ನಡೆದಿಲ್ಲ. ಅಲ್ಲಿ ಅಂಗೀಕಾರವಾದದ್ದು ಒಪ್ಪಂದದ ಪಾಠ. ಈ ಕಥೆ ಇಷ್ಟು ಬಾಳಿಕೆ ಬಂದುದಕ್ಕೆ ಕಾರಣ ಊಹಿಸಬಹುದು: ಗೆಲುವು–ಸೋಲುಗಳ ಕಥೆಯನ್ನು ನೆನಪಿಡುವುದು ಸುಲಭ, ಒಂಬತ್ತು ವಿಧಿಗಳ ಒಪ್ಪಂದವನ್ನು ನೆನಪಿಡುವುದು ಕಷ್ಟ. ಒಳಸಭೆಗಳಿಂದ ಆದ ಲಾಭ ಸ್ಪಷ್ಟ. ಹೊರಗಿನ ಚಪ್ಪಾಳೆಯಿಲ್ಲದ ಕಡೆ ಪಟ್ಟು ಸಡಿಲಿಸುವುದು ಸುಲಭವಾಗುತ್ತದೆ. ನಷ್ಟವೂ ಅಷ್ಟೇ ಸ್ಪಷ್ಟ. ತೆರೆದ ಸಭೆಯ ಭಾಷಣಗಳು ಅಕ್ಷರಶಃ ದಾಖಲಾಗಿ ದೊರೆಯುತ್ತವೆ. ಯಾರು ಯಾವುದಕ್ಕಾಗಿ ಯಾವುದನ್ನು ಬಿಟ್ಟುಕೊಟ್ಟರೆಂಬ ಮುಖ್ಯ ಸಂಗತಿ ಮಾತ್ರ ನೆನಪುಗಳಿಂದ, ಪತ್ರಗಳಿಂದ ಹೆಕ್ಕಿ ಜೋಡಿಸಬೇಕಾದ ಸ್ಥಿತಿಯಲ್ಲಿದೆ.

ತೆರೆದ ಸಭೆಯಲ್ಲಿ ಭಾಷಾ ವಿಧಿಗಳ ಚರ್ಚೆ ಆರಂಭವಾದದ್ದು 1949ರ ಸೆಪ್ಟೆಂಬರ್ 12ರಂದು. ಮುನ್ನೂರರಷ್ಟು ತಿದ್ದುಪಡಿಗಳು ಸಲ್ಲಿಕೆಯಾಗಿದ್ದವು. ಅಧ್ಯಕ್ಷರಾದ ರಾಜೇಂದ್ರ ಪ್ರಸಾದ್ ಅವರು ಆರಂಭದಲ್ಲಿಯೇ ಆಡಿದ ಮಾತುಗಳು ಈ ಇಡೀ ಪ್ರಸಂಗದ ಕೀಲಿಕೈಯೆನ್ನಬಹುದು. ಸಂವಿಧಾನದ ಬೇರಾವ ವಿಷಯವನ್ನೂ ಜನ ದಿನದಿನವೂ, ಗಳಿಗೆ ಗಳಿಗೆಗೂ ಆಚರಣೆಗೆ ತರಬೇಕಾಗಿ ಬರುವುದಿಲ್ಲ, ಭಾಷೆಯನ್ನು ತರಬೇಕಾಗುತ್ತದೆ. ಆದ್ದರಿಂದ ಸಭೆಯಲ್ಲಿ ಬಹುಮತದಿಂದ ಗೆದ್ದರೂ, ಉತ್ತರದಲ್ಲಾಗಲಿ ದಕ್ಷಿಣದಲ್ಲಾಗಲಿ ಗಣನೀಯ ಭಾಗದ ಜನ ಒಪ್ಪದಿದ್ದರೆ ಸಂವಿಧಾನವನ್ನು ನಡೆಸುವುದೇ ದುಸ್ತರವಾದೀತು ಎಂದು ಅವರು ಎಚ್ಚರಿಸಿದರು. ಇನ್ನೊಬ್ಬರ ಭಾವನೆಯನ್ನು ಘಾಸಿಗೊಳಿಸುವ ಮಾತನ್ನು ಆಡಬಾರದೆಂದೂ ಕೋರಿದರು. ರಾಜೇಂದ್ರ ಪ್ರಸಾದ್ ಅವರು ಸ್ವತಃ ಹಿಂದಿಯ ಪರವಾಗಿದ್ದವರು. ಬಹುಮತದ ಮಿತಿಯನ್ನು ಬಹುಮತದ ಕಡೆಯವರೇ ಹೇಳಿದಾಗ ಆ ಮಾತಿಗೆ ಬರುವ ತೂಕ ಬೇರೆ. ಮರುದಿನ ನೆಹರೂ ಅವರು ಅದೇ ಮಾತನ್ನು ಇನ್ನಷ್ಟು ನೇರವಾಗಿ ಆಡಿದರು: ಹಿಂದಿಯ ಪ್ರದೇಶವೇ ದೇಶದ ಕೇಂದ್ರ, ಉಳಿದವು ಅದರ ಅಂಚುಗಳು ಎಂಬ ಧೋರಣೆ ಕೆಲವರ ಭಾಷಣಗಳಲ್ಲಿ ಕಾಣುತ್ತಿದೆ, ಅದು ಪ್ರಜಾಪ್ರಭುತ್ವದ ದಾರಿಯಲ್ಲ, ಸರ್ವಾಧಿಕಾರದ ದಾರಿ ಎಂಬುದು ಅವರ ಅಭಿಪ್ರಾಯವಾಗಿತ್ತು.

ಪದಗಳ ಆಯ್ಕೆ

ಸೂತ್ರವನ್ನು ಸಭೆಯ ಮುಂದಿಟ್ಟವರು ತಮಿಳು ಮಾತೃಭಾಷೆಯ ಎನ್. ಗೋಪಾಲಸ್ವಾಮಿ ಅಯ್ಯಂಗಾರ್, ಅದರ ಮತ್ತೊಬ್ಬ ಶಿಲ್ಪಿ ಗುಜರಾತಿಯ ಕಾದಂಬರಿಕಾರರೂ ನ್ಯಾಯವಾದಿಯೂ ಆಗಿದ್ದ ಕೆ. ಎಂ. ಮುನ್ಷಿ. ಇದರ ಯಾವುದೇ ಒಂದು ಭಾಗವನ್ನು ಕದಲಿಸಿದರೂ ಉಳಿದದ್ದು ಕುಸಿಯುತ್ತದೆ ಎಂದು ಅಯ್ಯಂಗಾರ್ ಅವರು ಎಚ್ಚರಿಸಿದ್ದರು. ಆ ಎಚ್ಚರಿಕೆ ಉತ್ಪ್ರೇಕ್ಷೆಯಲ್ಲವೆಂಬುದು ಪಾಠವನ್ನು ಹತ್ತಿರದಿಂದ ಓದಿದಾಗ ಮನವರಿಕೆಯಾಗುತ್ತದೆ.

ಭಿನ್ನಾಭಿಪ್ರಾಯವೇ ಧ್ರುವೀಕರಣವಲ್ಲ. ಹತ್ತಾರು ಬೇರೆ ಬೇರೆ ಪ್ರಶ್ನೆಗಳು ಒಂದೇ ದಾರದಲ್ಲಿ ಪೋಣಿಸಲ್ಪಟ್ಟು, ಯಾವ ಪ್ರಶ್ನೆಗೆ ಉತ್ತರ ಹೇಳಿದರೂ 'ನೀನು ಯಾರ ಕಡೆಯವನು' ಎಂಬುದಕ್ಕೆ ಉತ್ತರ ಹೇಳಿದಂತಾಗುವ ಸ್ಥಿತಿಯೇ ಧ್ರುವೀಕರಣ. 1949ರಲ್ಲಿ ಅಂಕಿಗಳ ಆಕಾರ ಕೂಡ ಇಂಥ ಪರೀಕ್ಷೆಯ ಪ್ರಶ್ನೆಯಾಗಿತ್ತು. ಸೂತ್ರವು ಮೊದಲು ಮಾಡಿದ ಕೆಲಸ ಈ ದಾರವನ್ನು ಬಿಚ್ಚಿದ್ದು. 'ಭಾರತದ ಭಾಷೆ ಯಾವುದು' ಎಂಬ ಒಂದು ಪ್ರಶ್ನೆ 343ರಿಂದ 351ರವರೆಗಿನ ಒಂಬತ್ತು ವಿಧಿಗಳಾಗಿ ಒಡೆಯಿತು. ಒಕ್ಕೂಟದ ಕಚೇರಿಯ ಭಾಷೆ ಬೇರೆ, ರಾಜ್ಯದ ಆಡಳಿತದ ಭಾಷೆ ಬೇರೆ, ರಾಜ್ಯ ರಾಜ್ಯಗಳ ನಡುವಣ ವ್ಯವಹಾರದ ಭಾಷೆ ಬೇರೆ, ಉಚ್ಚ ನ್ಯಾಯಾಲಯ ಮತ್ತು ಸರ್ವೋಚ್ಚ ನ್ಯಾಯಾಲಯಗಳ ಭಾಷೆ ಬೇರೆ, ಪ್ರಜೆ ತನ್ನ ಅಹವಾಲನ್ನು ಸಲ್ಲಿಸುವ ಭಾಷೆ ಬೇರೆ. ಒಂದರಲ್ಲಿ ಸೋತವರು ಇನ್ನೊಂದರಲ್ಲಿ ಸೋಲಬೇಕಾಗಿಲ್ಲವೆಂಬ ಸ್ಥಿತಿ ಹೀಗೆ ಏರ್ಪಟ್ಟಿತು. 1963ರಲ್ಲಿ ಅಂದಿನ ಮೈಸೂರು ರಾಜ್ಯ ಕನ್ನಡವನ್ನು ಆಡಳಿತ ಭಾಷೆಯನ್ನಾಗಿಸುವ ಅಧಿನಿಯಮವನ್ನು ತಂದುದಕ್ಕೆ ಆಧಾರ 345ನೆಯ ವಿಧಿಯೇ.

ಎರಡನೆಯದು ಹೆಸರಿನ ಸಂಗತಿ. 'ರಾಷ್ಟ್ರಭಾಷೆ' ಎಂಬ ಪದ ಸಂವಿಧಾನದಲ್ಲಿಲ್ಲ. ಹಿಂದಿಯನ್ನು ರಾಷ್ಟ್ರಭಾಷೆಯೆಂದು ಘೋಷಿಸಬೇಕೆಂಬ ಪ್ರಬಲವಾದ ಬೇಡಿಕೆಯಿದ್ದರೂ 343ನೆಯ ವಿಧಿ ಅದನ್ನು 'ಒಕ್ಕೂಟದ ಅಧಿಕೃತ ಭಾಷೆ' ಎಂದಷ್ಟೇ ಕರೆಯಿತು. ರಾಷ್ಟ್ರಭಾಷೆಯೆಂಬುದು ಅಸ್ಮಿತೆಯ ಮಾತು. ಅಧಿಕೃತ ಭಾಷೆಯೆಂಬುದು ಕಡತದ ಮಾತು. ಅಸ್ಮಿತೆಯ ಪ್ರಶ್ನೆಯನ್ನು ಕಡತದ ಪ್ರಶ್ನೆಯಾಗಿಸುವುದು ನೀರಸವಾದ ಕೆಲಸವೆನಿಸಬಹುದು. ಆದರೆ ಆ ನೀರಸತೆಯೇ ಅಲ್ಲಿ ಬೇಕಾಗಿತ್ತು.

ಅಂಕಿಗಳ ವಿಷಯದಲ್ಲಿ ಪದದ ಆಯ್ಕೆ ಇನ್ನೂ ಸೂಕ್ಷ್ಮವಾದುದು. 1, 2, 3 ಎಂದು ಬರೆಯುವ ಅಂಕಿಗಳು ದಕ್ಷಿಣದ ಭಾಷೆಗಳ ಮುದ್ರಣದಲ್ಲಿ ಆಗಲೇ ಬಳಕೆಯಲ್ಲಿದ್ದವು. ನಾಗರಿ ಲಿಪಿಯನ್ನು ಒಪ್ಪಿದ ಮೇಲೆ ನಾಗರಿ ಅಂಕಿಗಳನ್ನೇಕೆ ಬಿಡಬೇಕೆಂಬುದು ಪುರುಷೋತ್ತಮದಾಸ ಟಂಡನ್ ಮೊದಲಾದವರ ಪ್ರಶ್ನೆ. ಕನ್ನಡ ಅಂಕಿಗಳನ್ನು ಉಳಿಸಿಕೊಳ್ಳಬೇಕೆಂಬ ಕಳಕಳಿ ಕನ್ನಡಿಗರಲ್ಲೂ ಇರುವುದರಿಂದ ಟಂಡನ್ ಅವರ ಹಟವನ್ನು ಹಾಸ್ಯಮಾಡಿ ತಳ್ಳಿಹಾಕುವಂತಿಲ್ಲ. ಲಿಪಿಯ ಒಂದೊಂದು ಗೆರೆಯ ಮೇಲೂ ಮನುಷ್ಯನಿಗೆ ಮಮತೆಯಿರುತ್ತದೆ. ಸೂತ್ರವು ಈ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳೆನ್ನಲಿಲ್ಲ, ಅರಬ್ಬೀ ಅಂಕಿಗಳೆಂದೂ ಎನ್ನಲಿಲ್ಲ. 'ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ' ಎಂದು ಕರೆಯಿತು. ಇದು ಬಣ್ಣದ ಮಾತಲ್ಲ, ಚರಿತ್ರೆಗೆ ಒಪ್ಪುವ ಮಾತು: ಶೂನ್ಯವನ್ನೊಳಗೊಂಡ ಆ ಪದ್ಧತಿ ಭಾರತದಲ್ಲಿ ಹುಟ್ಟಿ, ಅರಬರ ಮೂಲಕ ಯುರೋಪನ್ನು ಮುಟ್ಟಿತು. ಸತ್ಯವಾದ ಹಲವು ಹೆಸರುಗಳಿರುವಾಗ ಎದುರಾಳಿಯನ್ನು ಕೆಣಕದ ಸತ್ಯವಾದ ಹೆಸರನ್ನು ಹುಡುಕಿದ್ದು ಆ ಕರಡಿನ ಜಾಣ್ಮೆ.

ಮೂರನೆಯ ಉಪಕರಣ ಕಾಲ. ಸಂವಿಧಾನ ಜಾರಿಗೆ ಬಂದ ದಿನದಿಂದ ಹದಿನೈದು ವರ್ಷ, ಅಂದರೆ 1965ರ ಜನವರಿ 26ರವರೆಗೆ, ಇಂಗ್ಲಿಷ್ ಮುಂದುವರಿಯತಕ್ಕದ್ದು. ಅನಂತರವೂ ಅದನ್ನು ಮುಂದುವರಿಸಲು ಸಂಸತ್ತು ಶಾಸನ ಮಾಡಬಹುದು. ಹಿಂದಿಯ ಪರವಾದವರಿಗೆ ಗುರಿ ದೊರೆಯಿತು, ಇಂಗ್ಲಿಷಿನ ಪರವಾದವರಿಗೆ ಗಡುವು ದೊರೆಯಿತು. ಗಡುವಿನ ಗೋಡೆಯಲ್ಲಿ ಒಂದು ಬಾಗಿಲನ್ನೂ ಇಡಲಾಯಿತು. ಎಂಟನೆಯ ಅನುಸೂಚಿಯಲ್ಲಿ ಹದಿನಾಲ್ಕು ಭಾಷೆಗಳ ಹೆಸರು ಸೇರಿತು. ಅವುಗಳಲ್ಲೊಂದು ಕನ್ನಡ. ಆಗ ಕನ್ನಡಿಗರಿಗೆ ತಮ್ಮದೆಂಬ ಒಂದು ರಾಜ್ಯವಿರಲಿಲ್ಲ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳಲ್ಲಿ ಹಂಚಿಹೋಗಿದ್ದರು. ರಾಜ್ಯಕ್ಕಿಂತ ಏಳು ವರ್ಷ ಮೊದಲೇ ಭಾಷೆಗೆ ಸಂವಿಧಾನದಲ್ಲಿ ಸ್ಥಾನ ದೊರೆತದ್ದು ಕರ್ನಾಟಕ ಏಕೀಕರಣದ ಚರಿತ್ರೆಯಲ್ಲಿ ಇನ್ನಷ್ಟು ಗಮನಕ್ಕೆ ಅರ್ಹವಾದ ಸಂಗತಿ.

ಸೆಪ್ಟೆಂಬರ್ 14ರಂದು ಸಭೆಯನ್ನು ಮಧ್ಯದಲ್ಲಿ ನಿಲ್ಲಿಸಿ ಮಾತುಕತೆ ಮುಂದುವರಿಸಲಾಯಿತು. ಸಂಜೆ ಮತ್ತೆ ಸೇರಿದಾಗ ಮುನ್ಷಿಯವರು ಕೊನೆಯ ಹೊಂದಾಣಿಕೆಗಳನ್ನು ಮುಂದಿಟ್ಟರು. ರಾಷ್ಟ್ರಪತಿಗಳು ಅಂತರರಾಷ್ಟ್ರೀಯ ರೂಪದ ಜೊತೆಗೆ ನಾಗರಿ ಅಂಕಿಗಳ ಬಳಕೆಗೂ ಅನುಮತಿ ನೀಡಬಹುದು, ಹದಿನೈದು ವರ್ಷಗಳ ಅನಂತರ ಸಂಸತ್ತು ಈ ಕುರಿತು ಶಾಸನ ಮಾಡಬಹುದು ಎಂಬುದು ಅವುಗಳಲ್ಲೊಂದು. ಬಹುತೇಕ ತಿದ್ದುಪಡಿಗಳು ಹಿಂತೆಗೆದುಕೊಳ್ಳಲ್ಪಟ್ಟು ಭಾಷಾ ಅಧ್ಯಾಯ ಅಂಗೀಕಾರವಾಯಿತು. ಯಾರ ಮನಸ್ಸೂ ಬದಲಾಗಿರಲಿಲ್ಲ.

ಹೊರಗುಳಿದವರು

ಎರಡು ಪ್ರಬಲ ಪಕ್ಷಗಳ ನಡುವೆ ಆಗುವ ರಾಜಿಯಲ್ಲಿ ಮೂರನೆಯವರ ಪಾಲೇನು ಎಂಬ ಪ್ರಶ್ನೆಯನ್ನು ಕೇಳದೆ ಬಿಡುವಂತಿಲ್ಲ. ಎರಡು ಲಿಪಿಗಳ ಹಿಂದೂಸ್ಥಾನಿಯ ಪರವಾಗಿ ಮೌಲಾನಾ ಹಿಫ್ಜುರ್ ರೆಹಮಾನ್ ಅವರು ವಾದಿಸಿದರು. ಮೌಲಾನಾ ಆಜಾದ್ ಅವರು ಆ ಹೆಸರು ಕೈಬಿಟ್ಟುದಕ್ಕೆ ವಿಷಾದಿಸಿದರು. ಅವರಿಗೆ ದಕ್ಕಿದ್ದು 351ನೆಯ ವಿಧಿಯಲ್ಲಿ ಹಿಂದಿಯ ಬೆಳವಣಿಗೆಗೆ ನೆರವಾಗುವ ರೂಪ, ಶೈಲಿಗಳ ಆಕರಗಳಲ್ಲೊಂದಾಗಿ ಹಿಂದೂಸ್ಥಾನಿಯ ಒಂದು ಉಲ್ಲೇಖ. ಅದೇ ವಿಧಿ ಶಬ್ದಸಂಪತ್ತಿಗೆ ಪ್ರಧಾನವಾಗಿ ಸಂಸ್ಕೃತದತ್ತ ನೋಡಬೇಕೆಂದೂ ಹೇಳುತ್ತದೆ.

ಬಿಹಾರದ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಅವರು ಎಂಟನೆಯ ಅನುಸೂಚಿಗೆ ಮುಂಡಾರಿ, ಗೊಂಡಿ ಮತ್ತು ಒರಾಂವ್ ಭಾಷೆಗಳನ್ನು ಸೇರಿಸಬೇಕೆಂದು ತಿದ್ದುಪಡಿ ತಂದರು. ಅದು ಅಂಗೀಕಾರವಾಗಲಿಲ್ಲ. ಅವರ ಬೇಡಿಕೆಯಿಂದ ಹಿಂದಿಗಾಗಲಿ ಇಂಗ್ಲಿಷಿಗಾಗಲಿ ಯಾವ ಕೊರತೆಯೂ ಆಗುತ್ತಿರಲಿಲ್ಲ. ಆದರೆ ಆ ಭಾಷೆಗಳನ್ನಾಡುವವರು ಒಪ್ಪಂದವನ್ನು ಮುರಿಯಬಲ್ಲ ಬಲ ಉಳ್ಳವರಾಗಿರಲಿಲ್ಲ. ರಾಜಿಯ ಮೇಜಿನ ಬಳಿ ಕುರ್ಚಿ ದೊರೆಯುವುದು ನ್ಯಾಯ ಇರುವವರಿಗಲ್ಲ, ಎದ್ದು ಹೋದರೆ ನಷ್ಟವಾಗುವಂಥವರಿಗೆ ಎಂಬುದು ಮಧ್ಯಮ ಮಾರ್ಗದ ಮೇಲಿನ ಅತ್ಯಂತ ಗಂಭೀರವಾದ ಆಕ್ಷೇಪಣೆ. ಅನುಸೂಚಿ ಈಗ 22 ಭಾಷೆಗಳಿಗೆ ಬೆಳೆದಿದೆ. 2003ರ ತಿದ್ದುಪಡಿಯಲ್ಲಿ ಸಂತಾಲಿ ಸೇರಿತು. ಜೈಪಾಲ್ ಸಿಂಗ್ ಅವರು ಹೆಸರಿಸಿದ ಮೂರು ಭಾಷೆಗಳಲ್ಲಿ ಒಂದೂ ಸೇರಿಲ್ಲ. ಕರ್ನಾಟಕದೊಳಗಿನ ತುಳು, ಕೊಡವ ಭಾಷೆಗಳೂ ಹೊರಗೇ ಉಳಿದಿವೆ.

'ಬಹುದು' ಮತ್ತು 'ತಕ್ಕದ್ದು'

ಕಾಲವನ್ನು ಉಪಕರಣವಾಗಿಸಿಕೊಂಡ ಒಪ್ಪಂದ ಕಾಲ ಮುಗಿದಾಗ ಮತ್ತೆ ಪರೀಕ್ಷೆಗೆ ಒಳಗಾಗುತ್ತದೆ. ಬಿ. ಜಿ. ಖೇರ್ ಅವರ ಅಧ್ಯಕ್ಷತೆಯಲ್ಲಿ 1955ರಲ್ಲಿ ನೇಮಕವಾದ ಅಧಿಕೃತ ಭಾಷಾ ಆಯೋಗದ ವರದಿಗೆ ಬಂಗಾಳದ ಸುನೀತಿಕುಮಾರ್ ಚಟರ್ಜಿ ಮತ್ತು ಮದರಾಸಿನ ಪಿ. ಸುಬ್ಬರಾಯನ್ ಅವರು ಭಿನ್ನಮತ ದಾಖಲಿಸಿದರು. ಹಿಂದಿಯೇತರ ಜನರು ಬಯಸುವಷ್ಟು ಕಾಲ ಇಂಗ್ಲಿಷ್ ಸಹಭಾಷೆಯಾಗಿ ಮುಂದುವರಿಯುತ್ತದೆಂದು ನೆಹರೂ ಅವರು 1959ರಲ್ಲಿ ಲೋಕಸಭೆಯಲ್ಲಿ ಭರವಸೆ ನೀಡಿದರು. ಆದರೆ 1963ರ ಅಧಿಕೃತ ಭಾಷೆಗಳ ಅಧಿನಿಯಮದ ಪಾಠದಲ್ಲಿ ಆ ಭರವಸೆ ಇಳಿದು ಬಂದ ಬಗೆ ಬೇರೆ. ಅಲ್ಲಿ ಇಂಗ್ಲಿಷನ್ನು 'ಮುಂದುವರಿಸಬಹುದು' ಎಂದಿತ್ತು. ಕನ್ನಡದ ಶಾಸನಭಾಷೆಯಲ್ಲಿ ಹೇಳುವುದಾದರೆ 'ಬಹುದು' ಎಂಬುದಕ್ಕೂ 'ತಕ್ಕದ್ದು' ಎಂಬುದಕ್ಕೂ ಇರುವ ಅಂತರವೇ ಇಲ್ಲಿಯ ಸಮಸ್ಯೆ. ತಮ್ಮ ಮಾತನ್ನು ನಂಬಬೇಕೆಂದು ನೆಹರೂ ಬಯಸಿದರು. ಅವರ ಮಾತನ್ನು ನಂಬಿದವರಿಗೂ ಅವರ ಅನಂತರ ಬರುವವರ ಮಾತನ್ನು ನಂಬಲು ಕಾರಣವಿರಲಿಲ್ಲ. 1964ರ ಮೇ ತಿಂಗಳಿನಲ್ಲಿ ನೆಹರೂ ತೀರಿಕೊಂಡರು.

1965ರ ಜನವರಿ 26 ಹತ್ತಿರವಾದಂತೆ ಮದರಾಸು ರಾಜ್ಯದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಕೆಲವರು ಆತ್ಮಾಹುತಿ ಮಾಡಿಕೊಂಡರು, ಗೋಲೀಬಾರಿನಲ್ಲಿ ಜನ ಸತ್ತರು. ಕೇಂದ್ರದ ಸಚಿವರಾಗಿದ್ದ ಸಿ. ಸುಬ್ರಮಣಿಯಂ ಮತ್ತು ಓ. ವಿ. ಅಳಗೇಶನ್ ರಾಜೀನಾಮೆ ನೀಡಿದರು. ಫೆಬ್ರವರಿ 11ರಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಕಾಶವಾಣಿಯಲ್ಲಿ ಮಾತನಾಡಿ ನೆಹರೂ ಅವರ ಭರವಸೆಯನ್ನು ಉಳಿಸಿಕೊಳ್ಳುವುದಾಗಿ ಹೇಳಿದರು. ಮಾತು ಶಾಸನವಾಗಲು ಮತ್ತೆ ಎರಡು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಅಷ್ಟರಲ್ಲಿ 1967ರ ಚುನಾವಣೆಯಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತ್ತು. ಮಧ್ಯಮ ಮಾರ್ಗದವರು ತಡಮಾಡಿದಾಗ ತೆರುವ ಬೆಲೆಯನ್ನು ಹೆಚ್ಚಾಗಿ ಬೀದಿಯಲ್ಲಿರುವವರು ತೆರುತ್ತಾರೆ.

1967ರ ಅಂತ್ಯದಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿ ಮೂರನೆಯ ಪ್ರಕರಣಕ್ಕೆ ಐದನೆಯ ಉಪಪ್ರಕರಣವೊಂದನ್ನು ಸೇರಿಸಿತು. ಹಿಂದಿಯನ್ನು ಅಧಿಕೃತ ಭಾಷೆಯಾಗಿ ಅಂಗೀಕರಿಸದ ಎಲ್ಲ ರಾಜ್ಯಗಳ ವಿಧಾನಮಂಡಲಗಳೂ ಇಂಗ್ಲಿಷಿನ ಬಳಕೆಯನ್ನು ಕೊನೆಗಾಣಿಸಲು ನಿರ್ಣಯ ಅಂಗೀಕರಿಸಬೇಕು. ಅನಂತರ ಸಂಸತ್ತಿನ ಎರಡೂ ಸದನಗಳು ಅಂಥದೇ ನಿರ್ಣಯ ಅಂಗೀಕರಿಸಬೇಕು. ಅಲ್ಲಿಯವರೆಗೆ ಇಂಗ್ಲಿಷ್ ಮುಂದುವರಿಯತಕ್ಕದ್ದು. ರಾಜೇಂದ್ರ ಪ್ರಸಾದ್ ಅವರು 1949ರ ಸೆಪ್ಟೆಂಬರ್ 12ರಂದು ವಿವೇಕದ ಮಾತಾಗಿ ಹೇಳಿದುದು ಇಲ್ಲಿ ಕಾನೂನಿನ ಮಾತಾಯಿತು. ಬಹುಮತ ಸಾಲದು, ಒಪ್ಪಬೇಕಾದವರು ಒಪ್ಪಬೇಕು. ಬೆಂಗಳೂರಿನ ವಿಧಾನಸೌಧದಲ್ಲಿ ಕರ್ನಾಟಕದ ಶಾಸಕರು ಅಂಥ ನಿರ್ಣಯವನ್ನು ಅಂಗೀಕರಿಸದಿರುವಷ್ಟು ಕಾಲ, ಉಳಿದ ರಾಜ್ಯಗಳೆಲ್ಲ ಒಪ್ಪಿದರೂ, ವ್ಯವಸ್ಥೆ ಬದಲಾಗದು. ಈ ತಿದ್ದುಪಡಿಯ ವಿರುದ್ಧ ಆಗ ಉತ್ತರದ ನಗರಗಳಲ್ಲಿ ಪ್ರತಿಭಟನೆಗಳು ನಡೆದವು. ಅದರೊಡನೆ ಅಂಗೀಕಾರವಾದ ಭಾಷಾ ನಿರ್ಣಯದ ತ್ರಿಭಾಷಾ ಸೂತ್ರವನ್ನು ಮದರಾಸಿನ ವಿಧಾನಸಭೆ 1968ರ ಜನವರಿಯಲ್ಲಿ ತಿರಸ್ಕರಿಸಿತು. ಉಪಪ್ರಕರಣ ಮಾತ್ರ ಉಳಿದುಕೊಂಡಿತು.

ಸೆಪ್ಟೆಂಬರ್ 14ನ್ನು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ 1953ರಿಂದ ಹಿಂದಿ ದಿವಸವಾಗಿ ಆಚರಿಸಲಾಗುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಅದೇ ದಿನ ಕರ್ನಾಟಕದ ಕೆಲವು ಸಂಘಟನೆಗಳು ಹಿಂದಿ ಹೇರಿಕೆಯ ವಿರುದ್ಧ ಪ್ರತಿಭಟನೆ ನಡೆಸುತ್ತವೆ. 1949ರ ಅದೇ ಸಂಜೆ, ಅದೇ ಒಪ್ಪಂದದ ಭಾಗವಾಗಿ ಅಂಗೀಕಾರವಾದ ಇಂಗ್ಲಿಷಿನ ಅವಧಿ, ರಾಜ್ಯಗಳ ಭಾಷಾ ಸ್ವಾತಂತ್ರ್ಯ, ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ, ಕನ್ನಡದ ಹೆಸರಿರುವ ಎಂಟನೆಯ ಅನುಸೂಚಿ ಇವುಗಳ ಹೆಸರಿನಲ್ಲಿ ಆ ದಿನ ಆಚರಣೆಯೂ ಇಲ್ಲ, ಪ್ರತಿಭಟನೆಯೂ ಇಲ್ಲ.